ಹಾರ್ಲೆನಾ, ಡುಕಾಟಿನಾ? ಓಡಿಸಿ ನೋಡುವ ಬಗೆ

ಈ ಎರಡು ಬೈಕ್‌ಗಳನ್ನು ಹಾರ್ಸ್‌ಪವರ್ ನೋಡಿ ಹೋಲಿಸಬೇಡಿ, ಸುಮ್ನೆ ತಲೆನೋವು. ಮೊದಲು ಎರಡರ ಮೇಲೂ ಹತ್ತು ನಿಮಿಷ ಕೂತು ನೋಡಿ. ಹಾರ್ಲೆ ಫ್ಯಾಟ್ ಬಾಯ್‌ನಲ್ಲಿ ಕಾಲು ಮುಂದೆ, ಭಾರ ಸೊಂಟಕ್ಕೆ. ಡುಕಾಟಿ ಪಾನಿಗಾಲೆಯಲ್ಲಿ ಮೊಣಕಾಲು ಮಡಚಬೇಕು, ಭಾರ ಮಣಿಕಟ್ಟಿಗೆ.

ಆಮೇಲೆ ಖಾಲಿ ರಸ್ತೆಯಲ್ಲಿ, ಮೂರನೇ ಗೇರ್‌ನಲ್ಲಿ ಥ್ರಾಟಲ್ ತಿರುವಿ. ಹಾರ್ಲೆಯ 45 ಡಿಗ್ರಿ ವಿ-ಟ್ವಿನ್ (ಎರಡು ಸಿಲಿಂಡರ್ ವಿ ಆಕಾರದಲ್ಲಿರುವ ಎಂಜಿನ್) 3,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಆಸುಪಾಸಿನಲ್ಲೇ ಜೋರಾಗಿ ಎಳೆಯುತ್ತದೆ. ಪಾನಿಗಾಲೆ ವಿ4ನ ಪೂರ್ತಿ ಶಕ್ತಿಗೆ 13,000ದ ಹತ್ತಿರ ಹೋಗಬೇಕು. ಊರೊಳಗೆ ಅದು ಯಾರಿಗೆ ಬೇಕು, ಅಲ್ವಾ?

ತಿರುವಿನಲ್ಲಿ ಹಾರ್ಲೆಯ ಫುಟ್‌ಬೋರ್ಡ್ ಕರ್ರ್ ಅಂತ ನೆಲಕ್ಕೆ ಉಜ್ಜಿದರೆ ಗಾಬರಿಯಾಗಬೇಡಿ. ಇನ್ನೂ ವಾಲಿಸಬೇಡ ಅನ್ನುವ ಎಚ್ಚರಿಕೆ ಅದು. ಅಮೆರಿಕದ ಟೆನೆಸಿಯ ಟೇಲ್ ಆಫ್ ದಿ ಡ್ರ್ಯಾಗನ್ ರಸ್ತೆಯಲ್ಲಿ 11 ಮೈಲಿಗೆ 318 ತಿರುವು. ಅಲ್ಲಿ ನನ್ನ ಓಟು ಡುಕಾಟಿಗೇ. ಸಿಗ್ನಲ್‌ನಲ್ಲಿ ನಿಂತರೆ ಎರಡು ಬೈಕ್‌ಗಳೂ ತೊಡೆ ಸುಡುತ್ತವೆ, ದಪ್ಪ ಪ್ಯಾಂಟ್ ಹಾಕಿಕೊಂಡೇ ಹೋಗಿ.