ಎಂಜಿನ್ ನಿಂತ ಮೇಲೆ ಮೂತಿ ಎತ್ತ ಹೋಗುತ್ತದೆ?

ಎಂಜಿನ್ ಕೈಕೊಟ್ಟಾಗ ಏನು ಮಾಡಬೇಕು ಎಂದು ಕಲಿಸುವ ಮೊದಲು, ನಾವು ಏನೂ ಮಾಡದಿದ್ದರೆ ವಿಮಾನ ಏನು ಮಾಡುತ್ತದೆ ಎಂದು ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ನಮ್ಮದು ಸೆಸ್ನಾ 172ಎಸ್, ಒಂದೇ ಎಂಜಿನ್‌ನ ಪುಟ್ಟ ವಿಮಾನ. ನೆಲದಿಂದ ನಾಲ್ಕು ಸಾವಿರ ಅಡಿ ಮೇಲೆ ಹೋಗಿ, 90 ನಾಟ್‌ಗೆ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ಟ್ರಿಮ್ ಮಾಡಿಸುತ್ತೇನೆ, ಅಂದರೆ ಕೈಯಿಂದ ಹಿಡಿಯದೆಯೂ ಆ ವೇಗ ಉಳಿಯುವಂತೆ ಟ್ರಿಮ್ ವೀಲ್ ಹೊಂದಿಸುವುದು. ಯೋಕ್ (ಮೂತಿ ಏರಿಸಿ ಇಳಿಸುವ ಹಿಡಿಕೆ) ಬಿಟ್ಟರೂ ವಿಮಾನ ಮಟ್ಟವಾಗಿ ಹೋಗುತ್ತಿರಬೇಕು. ಆಮೇಲೆ ಎಂಜಿನ್ ಪವರ್ ನಿಯಂತ್ರಿಸುವ ಥ್ರಾಟಲ್ ಅನ್ನು ಐಡಲ್‌ಗೆ, ಅಂದರೆ ಅತಿ ಕಡಿಮೆಗೆ, ಎಳೆಯುತ್ತೇನೆ. "ಏನೂ ಮುಟ್ಟಬೇಡಿ, ಸುಮ್ನೆ ಸ್ಪೀಡ್ ನೋಡ್ತಾ ಇರಿ." ರೆಕ್ಕೆ ವಾಲದಂತೆ ರಡ್ಡರ್ ನಾನು ನೋಡಿಕೊಳ್ಳುತ್ತೇನೆ.

ಸ್ಪೀಡ್ ಬೀಳುತ್ತಾ ಹೋಗುತ್ತದೆ ಎಂದೇ ಬಹಳ ಜನ ಅಂದುಕೊಂಡಿರುತ್ತಾರೆ. ಆದರೆ ಮೂತಿ ತಾನಾಗಿ ಕೆಳಗೆ ಬಾಗುತ್ತದೆ, ವೇಗ 90 ದಾಟುತ್ತದೆ. ಆಮೇಲೆ ಮೂತಿ ಮೇಲೇಳುತ್ತದೆ, ವೇಗ ಇಳಿಯುತ್ತದೆ. ಮತ್ತೆ ಬಾಗುತ್ತದೆ. ತಳ್ಳಿ ಬಿಟ್ಟ ಜೋಕಾಲಿಯ ಹಾಗೆ ಪ್ರತಿ ಸಲವೂ ಏರಿಳಿತ ಸಣ್ಣದಾಗುತ್ತಾ, ಕೊನೆಗೆ 90ರ ಆಸುಪಾಸಿನಲ್ಲೇ, ಹೆಚ್ಚಾಗಿ ಅದಕ್ಕಿಂತ ಸ್ವಲ್ಪ ಮೇಲೆ, ನಿಲ್ಲುತ್ತದೆ. ವಿಮಾನ ಈಗ ಇಳಿಯುತ್ತಿದೆ, ಅಷ್ಟೇ. ಈ ಏರಿಳಿತಕ್ಕೆ ಫ್ಯೂಗಾಯ್ಡ್ ಎನ್ನುತ್ತಾರೆ. ಬ್ರಿಟನ್ನಿನ ಎಂಜಿನಿಯರ್ ಲ್ಯಾಂಚೆಸ್ಟರ್ 1908ರಲ್ಲೇ ಇದರ ಲೆಕ್ಕ ಬರೆದಿದ್ದರು. ಈ ವೇಗದಲ್ಲಿ ಒಂದು ಸುತ್ತಿಗೆ 20ರಿಂದ 25 ಸೆಕೆಂಡು ಬೇಕು.

ಮೂತಿ ಮೊದಲು ಬಾಗಲು ಎರಡು ಕಾರಣ. 172ರಲ್ಲಿ ಬಾಲದ ಅಡ್ಡರೆಕ್ಕೆ ಕೆಳಮುಖವಾಗಿ ಒತ್ತುತ್ತಾ ಮೂತಿಯನ್ನು ಎತ್ತಿ ಹಿಡಿದಿರುತ್ತದೆ. ಪ್ರೊಪೆಲ್ಲರ್ ಗಾಳಿ ಅದರ ಮೇಲೆ ಹಾಯುವಾಗ ಆ ಒತ್ತಡ ಜಾಸ್ತಿ. ಪವರ್ ಹೋದ ತಕ್ಷಣ ಅದು ಕಡಿಮೆಯಾಗುತ್ತದೆ. ಜೊತೆಗೆ, ಎಳೆಯುವ ಬಲ ಇಲ್ಲದೆ ವೇಗ ಸ್ವಲ್ಪ ಕುಗ್ಗಿದರೂ ಲಿಫ್ಟ್ (ರೆಕ್ಕೆಯ ಎತ್ತುವ ಬಲ) ಸಾಲದೆ ದಾರಿಯೇ ಕೆಳಗೆ ಬಾಗುತ್ತದೆ. ವಿಮಾನ ಕಾಪಾಡಿಕೊಳ್ಳುವುದು ರೆಕ್ಕೆ ಗಾಳಿಯನ್ನು ಎದುರಿಸುವ ಕೋನವನ್ನು. ಆ ಕೋನಕ್ಕೆ ತಕ್ಕ ವೇಗವೇ ನಾವು ಟ್ರಿಮ್ ಮಾಡಿದ ವೇಗ. ಎತ್ತರದ ಬಗ್ಗೆ ಅದಕ್ಕೆ ಚಿಂತೆಯಿಲ್ಲ.

ಎಲ್ಲ ವಿಮಾನವೂ ಹೀಗಲ್ಲ. ಎಂಜಿನ್ ತಲೆಯ ಮೇಲೆ ಕೂತಿರುವ ಲೇಕ್ ಎಂಬ ನೀರಿನ ವಿಮಾನದಲ್ಲಿ ಪವರ್ ಹೋದರೆ ಮೂತಿ ಮೇಲೇಳುತ್ತದೆ!

ಇದನ್ನು ನೋಡಿದ ಮೇಲೆ "ಹಾಗಾದ್ರೆ ವಿಮಾನ ತಾನೇ ನೋಡಿಕೊಳ್ಳುತ್ತೆ ಅಲ್ವಾ ಸರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸ್ಟಾಲ್ ಆಗದಂತೆ, ಅಂದರೆ ಆ ಕೋನ ಅತಿಯಾಗಿ ಲಿಫ್ಟ್ ಕುಸಿಯದಂತೆ, ನೋಡಿಕೊಳ್ಳುತ್ತದೆ, ನಿಜ. ಆದರೆ 110 ನಾಟ್‌ನಲ್ಲಿ ಹೋಗುವಾಗ ಎಂಜಿನ್ ನಿಂತರೆ 110ರಲ್ಲೇ ಇಳಿಯುತ್ತದೆ. ಹೆಚ್ಚು ದೂರ ತೇಲಿಸುವ ವೇಗ 68. ಆ ವೇಗದಲ್ಲಿ ಸಾವಿರ ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ಸಿಗುತ್ತದೆ. ಹಾಗಾಗಿ ಮೊದಲು ಯೋಕ್ ಹಿಂದಕ್ಕೆಳೆದು ಎತ್ತರ ಹಿಡಿದಿಟ್ಟು, ಹೆಚ್ಚುವರಿ ವೇಗವನ್ನು ಕರಗಿಸಿಕೊಳ್ಳುವುದು. 68 ಬರುತ್ತಿದ್ದಂತೆ ಟ್ರಿಮ್ ವೀಲ್ ಹಿಂದಕ್ಕೆ ತಿರುಗಿಸುವುದು. ಇಷ್ಟಾದರೆ ಕೈ ಬಿಡುವು. ಹೊಲ ಹುಡುಕಬಹುದು, ಫ್ಯುಯೆಲ್ ಪಂಪ್, ಮಿಕ್ಸ್ಚರ್ (ಇಂಧನ-ಗಾಳಿಯ ಪ್ರಮಾಣ), ಮ್ಯಾಗ್ನೆಟೊ (ಕಿಡಿ ಕೊಡುವ ಸಾಧನ) ನೋಡಬಹುದು, ತುರ್ತು ರೇಡಿಯೋ ತರಂಗಾಂತರ 121.5ರಲ್ಲಿ ಮೇಡೇ ಎಂದು ಅಪಾಯದ ಕರೆ ಕೊಡಬಹುದು. ಟ್ರಿಮ್ ಮಾಡದೆ ಯೋಕ್ ಎಳೆದುಕೊಂಡೇ ಕೂತವರ ವೇಗ, ಚೆಕ್‌ಲಿಸ್ಟ್ ಕಡೆ ಕಣ್ಣು ಹೋದ ಕೂಡಲೇ ಅಲೆದಾಡಲು ಶುರುವಾಗುತ್ತದೆ.

ಆಟೋಪೈಲಟ್ ಹಾಕಿದ್ದರೆ ಕಥೆ ಬೇರೆ. ಎತ್ತರ ಹಿಡಿಯಲು ಹೇಳಿದ್ದರೆ, ಎಂಜಿನ್ ಇಲ್ಲದಿದ್ದರೂ ಅದು ಹಿಡಿಯಲು ನೋಡುತ್ತದೆ. ಮೂತಿ ಎತ್ತುತ್ತಾ, ಟ್ರಿಮ್ಮನ್ನೂ ಹಿಂದಕ್ಕೆ ತಿರುಗಿಸುತ್ತಾ ಸ್ಟಾಲ್ ಕಡೆಗೆ ಕೊಂಡೊಯ್ಯುತ್ತದೆ. 2008ರ ಜನವರಿ 17ರಂದು ಹೀಥ್ರೋ ಬಳಿ ಬ್ರಿಟಿಷ್ ಏರ್‌ವೇಸ್‌ನ 777ರಲ್ಲಿ ಇಂಧನದ ದಾರಿಗೆ ಹಿಮ ಕಟ್ಟಿ ಎರಡೂ ಎಂಜಿನ್ ಸೊರಗಿದಾಗ, ಆಟೋಪೈಲಟ್ ಇಳಿಯುವ ದಾರಿಯನ್ನು ಬಿಡದೆ ಹಿಡಿದಿತ್ತು. ವೇಗ ಸುಮಾರು 108 ನಾಟ್‌ಗೆ ಬಿತ್ತು. ವಿಮಾನ ರನ್‌ವೇಗೆ ಮುಂಚೆಯೇ ನೆಲ ಮುಟ್ಟಿತು, ಎಲ್ಲರೂ ಬದುಕಿದರು. ಎಂಜಿನ್ ಹೋದರೆ ಆಟೋಪೈಲಟ್ ತೆಗೆಯಿರಿ ಎಂದು ನಾನು ಪದೇ ಪದೇ ಹೇಳುವುದು ಅದಕ್ಕೇ.

ನನಗೆ ನಿಜವಾದ ಭಯ ಟೇಕಾಫ್ ಆದ ಕೂಡಲೇ ಎಂಜಿನ್ ನಿಲ್ಲುವುದರದ್ದು. 74 ನಾಟ್, ಪೂರ್ತಿ ಪವರ್, ಆಕಾಶ ನೋಡುತ್ತಿರುವ ಮೂತಿ. ಇದನ್ನೂ ಎತ್ತರದಲ್ಲೇ ತೋರಿಸುತ್ತೇನೆ. ಕೈ ಬಿಟ್ಟರೆ ಇಲ್ಲೂ ಮೂತಿ ಬಾಗುತ್ತದೆ. ಆದರೆ ಮೊದಲು ವೇಗ ಕುಸಿಯುತ್ತದೆ, ಆಮೇಲೆ ಮೂತಿ ಬಾಗಿ ವೇಗ ವಾಪಸ್ ಬರುತ್ತದೆ. ಆ ಒಂದು ಸುತ್ತು ಮುಗಿಯುವಷ್ಟರಲ್ಲಿ ಇನ್ನೂರು ಅಡಿಗಿಂತ ಜಾಸ್ತಿ ಎತ್ತರ ಕಳೆದುಹೋಗಿರುತ್ತದೆ. ಮುನ್ನೂರು ಅಡಿಯಲ್ಲಿರುವವರಿಗೆ ಅದು ಕಟ್ಟುವುದಿಲ್ಲ. ಮೇಲಾಗಿ ಅಲ್ಲಿ ಯಾರೂ ಕೈ ಬಿಟ್ಟಿರುವುದಿಲ್ಲ. ನೆಲ ಹತ್ತಿರ ಕಂಡಾಗ ಕೈ ತಾನಾಗಿ ಯೋಕ್ ಎಳೆಯುತ್ತದೆ. ವಿಮಾನ ಬಾಗಲು ನೋಡುತ್ತದೆ, ನಾವು ಬಿಡುವುದಿಲ್ಲ. ಸ್ಟಾಲ್‌ಗೆ ಇರುವ ಅಂತರ ಇಪ್ಪತ್ತು ಚಿಲ್ಲರೆ ನಾಟ್ ಮಾತ್ರ. ಹಾಗಾಗಿ ಅಲ್ಲಿ ಕಾಯುವಂತಿಲ್ಲ: ಎಂಜಿನ್ ಸದ್ದು ಹೋದ ಕ್ಷಣವೇ ಯೋಕ್ ಮುಂದಕ್ಕೆ. ಹಿಂದಿನ ಸೀಟಿನಲ್ಲಿ ಜನ, ಅದರ ಹಿಂದೆ ಲಗೇಜ್ ಇದ್ದರೆ ಮೂತಿ ತಾನಾಗಿ ಬಾಗುವ ಗುಣವೂ ಕಮ್ಮಿ. ಆಗಂತೂ ಇನ್ನೂ ಎಚ್ಚರ ಬೇಕು.

ಅಭ್ಯಾಸ ಮುಗಿಸಿ ಮತ್ತೆ ಪವರ್ ಕೊಡುವಾಗ ಇದೆಲ್ಲ ತಿರುಗುಮುರುಗು. ಟ್ರಿಮ್ ಇನ್ನೂ ಪವರ್ ಇಲ್ಲದ 68ಕ್ಕೇ ಇರುತ್ತದೆ. ಪ್ರೊಪೆಲ್ಲರ್ ಗಾಳಿ ಬಾಲಕ್ಕೆ ಬಡಿದದ್ದೇ ಮೂತಿ ಜೋರಾಗಿ ಮೇಲೇಳುತ್ತದೆ. ಥ್ರಾಟಲ್ ಕೊಡುವ ಮೊದಲೇ ಎಡಗೈ ಯೋಕನ್ನು ಮುಂದೆ ಒತ್ತಿ ಹಿಡಿಯಲು ತಯಾರಿರಬೇಕು. ಥ್ರಾಟಲ್ ಪೂರ್ತಿ ಹೋಗುತ್ತಿದ್ದಂತೆ ಬಲಗೈ ಸೀದಾ ಟ್ರಿಮ್ ವೀಲ್‌ಗೆ.