ಸೋರ್ಸ್ ಕೋಡ್ ಕಳೆದುಹೋಯಿತಾ? ಜಾರ್ ಫೈಲ್ ಬಿಚ್ಚಿ ನೋಡಿ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಗೆ ಜಾವಾದಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದು ಈಗಲೂ ಓಡುತ್ತಿದೆ. ನನ್ನ ಹಾರ್ಡ್ ಡಿಸ್ಕ್ ಮಾತ್ರ ಕೈಕೊಟ್ಟಿತು, ಸೋರ್ಸ್ ಕೋಡ್ (ನಾನು ಬರೆದ ಮೂಲ ಪ್ರೋಗ್ರಾಂ) ಅದರ ಜೊತೆಗೇ ಹೋಯಿತು. ಬ್ಯಾಕಪ್ ವಿಷಯ ಕೇಳಬೇಡಿ. ಅಷ್ಟರಲ್ಲಿ ಮಂಡಿಯವರಿಗೆ ಬಿಲ್ಲಿನಲ್ಲಿ ಹೊಸ ಕಾಲಂ ಬೇಕಾಯಿತು. ಉಳಿದಿದ್ದು ಅವರ ಕಂಪ್ಯೂಟರಿನಲ್ಲಿದ್ದ ಜಾರ್ ಫೈಲ್ ಒಂದೇ.

ನಿಮಗೂ ಹೀಗಾದರೆ ಮೊದಲು ಆ ಫೈಲನ್ನು ಕಾಪಿ ಮಾಡಿಕೊಳ್ಳಿ. ಅಸಲನ್ನು ಮುಟ್ಟಬೇಡಿ. ಜಾರ್ ಅಂದರೆ ಜಿಪ್ ಫೈಲೇ, ಬಿಚ್ಚಿದರೆ ಒಳಗೆ ಕ್ಲಾಸ್ ಫೈಲುಗಳು, ಅಂದರೆ ಸೋರ್ಸ್ ಕೋಡನ್ನು ಕಂಪೈಲರ್ ಎಂಬ ಟೂಲ್ ಜಾವಾ ಓಡಿಸುವ ರೂಪಕ್ಕೆ ತಂದಿಟ್ಟ ಫೈಲುಗಳು. ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯುವವರ ಟೂಲುಗಳ ಕಟ್ಟು) ಜೊತೆಗೇ ಬರುವ ಜಾವಾಪ್ ಟೂಲಿನಲ್ಲಿ ಒಂದನ್ನು ನೋಡಿ. ಮೇಜರ್ ವರ್ಷನ್ 52 ಎಂದಿದ್ದರೆ ಅದು ಜಾವಾ 8. ಬರೆದಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಆಮೇಲೆ ಡಿಕಂಪೈಲರ್, ಅಂದರೆ ಕ್ಲಾಸ್ ಫೈಲನ್ನು ಮತ್ತೆ ಓದುವಂಥ ಕೋಡಾಗಿಸುವ ಟೂಲ್. ಸಿಎಫ್‌ಆರ್ ಉಚಿತ. ಇಂಟೆಲಿಜೆ ಎಂಬ ಕೋಡ್ ಎಡಿಟರ್ ಇದ್ದರೆ ಅದರೊಳಗೇ ಫರ್ನ್‌ಫ್ಲವರ್ ಇದೆ. ಎರಡರಲ್ಲೂ ತೆಗೆಯಿರಿ; ಒಂದು ತಡವರಿಸಿದ ಕಡೆ ಇನ್ನೊಂದು ಸರಿಯಾಗಿ ಓದಿರಬಹುದು. (ಸ್ವಂತದ್ದು ಅಥವಾ ಅನುಮತಿ ಇರುವ ಪ್ರೋಗ್ರಾಂ ಮಾತ್ರ, ಅಲ್ವಾ?)

ನಿಜವಾದ ಕೆಲಸ ಶುರುವಾಗುವುದೇ ಇಲ್ಲಿ. ಬೇಕೆಂದೇ ಯಾರೂ ಹೆಸರುಗಳನ್ನು ಕಲಸಿಡದಿದ್ದರೆ ಕ್ಲಾಸ್, ಮೆಥಡ್, ಫೀಲ್ಡ್ ಹೆಸರುಗಳು ಹಾಗೇ ಸಿಗುತ್ತವೆ. ಕಾಮೆಂಟ್ (ಕೋಡಿನ ನಡುವೆ ನಮಗಾಗಿ ಬರೆದ ಟಿಪ್ಪಣಿ) ಒಂದೂ ಸಿಗುವುದಿಲ್ಲ, ಕಂಪೈಲರ್ ಅವನ್ನು ಆಗಲೇ ಬಿಸಾಡಿರುತ್ತದೆ. ಡೀಬಗ್ ಆಯ್ಕೆ ಕೊಟ್ಟು ಕಂಪೈಲ್ ಮಾಡಿರದಿದ್ದರೆ ಮೆಥಡ್ ಒಳಗಿನ ವೇರಿಯಬಲ್ ಹೆಸರುಗಳೂ ಹೋಗಿರುತ್ತವೆ. ನನ್ನ 'ಕಮಿಷನ್', 'ಹಮಾಲಿ' ಎಲ್ಲ 'ಡಿ', 'ಡಿ2' ಆಗಿದ್ದವು. ಬಾಕ್ಸಿಗೆ 15 ಕೆಜಿ ಎಂದು ಒಂದು ಕಾನ್‌ಸ್ಟೆಂಟ್ ಇಟ್ಟಿದ್ದೆ. ಬಳಸಿದ ಕಡೆಯೆಲ್ಲ ಕಂಪೈಲರ್ ಹೆಸರು ಬಿಟ್ಟು ಬರೀ 15 ಅಂಟಿಸಿತ್ತು. ಬಾಕಿ ಕಟ್ಟುವ ಗಡುವೂ 15 ದಿನವೇ! ಯಾವ 15 ಯಾವುದು ಎಂದು ಒಂದೊಂದನ್ನೂ ಕೂತು ಗುರುತಿಸಬೇಕಾಯಿತು. ಹೆಸರು ಬದಲಿಸುವಾಗ ಎಡಿಟರಿನ ರಿನೇಮ್ ಬಳಸಿ, ಫೈಂಡ್-ರಿಪ್ಲೇಸ್ ಬೇಡ.

ಹಳೇ ಪೆನ್‌ಡ್ರೈವಿನಲ್ಲಿ ಇನ್ನೊಂದು ಜಾರ್ ಸಿಕ್ಕಿದರೆ ಎರಡನ್ನೂ ಒಂದೇ ಡಿಕಂಪೈಲರಿನಲ್ಲಿ ತೆಗೆದು ಡಿಫ್ ಹಾಕಿ, ಅಂದರೆ ಎಲ್ಲಿ ವ್ಯತ್ಯಾಸವಿದೆ ಎಂದು ಸಾಲುಸಾಲಾಗಿ ಹೋಲಿಸಿ. ಬೇರೆ ಬೇರೆ ಟೂಲಾದರೆ ಸುಮ್ನೆ ರಾಶಿ ಸುಳ್ಳು ವ್ಯತ್ಯಾಸಗಳು ಬರುತ್ತವೆ. ನನಗೆ ಸಿಕ್ಕಿದ್ದು ಒಂದೇ ಸಾಲು: ಮಂಡಿಯ ಜಾರಿನಲ್ಲಿ ಹತ್ತಿರದ ರೂಪಾಯಿಗೆ ರೌಂಡ್ ಮಾಡುವ ಬದಲು ಪೈಸೆಯನ್ನು ಬಿಟ್ಟೇಬಿಡುವ ಲೆಕ್ಕ. ಯಾರಪ್ಪ ಕೈಯಾಡಿಸಿದ್ದು ಎಂದು ಜಾರ್ ಒಳಗಿನ ತಾರೀಕು ನೋಡಿದರೆ, ಮಂಡಿಯಲ್ಲೇ ಕೂತು ಅವಸರದಲ್ಲಿ ನಾನೇ ತಿದ್ದಿದ ದಿನ ಅದು.

ಮತ್ತೆ ಕಂಪೈಲ್ ಮಾಡುವಾಗ, ಮೊದಲು ಬರೆದಿಟ್ಟುಕೊಂಡ ವರ್ಷನ್ ಜಾವಾ 8 ಆಗಿದ್ದರೆ, ರಿಲೀಸ್ 8 ಎಂದು ಕೊಡಿ. ಇಲ್ಲದಿದ್ದರೆ ಅಲ್ಲಿನ ಹಳೇ ಜಾವಾ ಅದನ್ನು ಓಡಿಸುವುದಿಲ್ಲ. ಆಮೇಲೆ ಒಂದು ತಿಂಗಳ ಬಿಲ್ಲುಗಳನ್ನು ಹಳೆಯದಕ್ಕೂ ಹೊಸದಕ್ಕೂ ಕೊಟ್ಟು ಮೊತ್ತ ತಾಳೆ ನೋಡಿ. ನನಗೆ ಹೆಚ್ಚುಕಮ್ಮಿ ಅರ್ಧ ಬಿಲ್ಲುಗಳಲ್ಲಿ ಒಂದೊಂದು ರೂಪಾಯಿ ಜಾಸ್ತಿ ಬಂತು. ರೌಂಡ್ ಮಾಡುವ ಸಾಲನ್ನು ಪೆನ್‌ಡ್ರೈವಿನ ಕೋಡಿನಿಂದ ತಂದು ಹಾಕಿಬಿಟ್ಟಿದ್ದೆ.