‘ಬಳಕೆದಾರ’ ಎಂದರೆ ಯಾರು? ಎಐ ಏಜೆಂಟಿಗೆ ಟೂಲ್ ವಿವರಣೆ ಬರೆದ ನನ್ನ ಅನುಭವ

ನಾನು ಮೊದಲು ಬರೆದ ವಿವರಣೆ ಒಂದೇ ಸಾಲಿನದು: ‘ಡೇಟಾಬೇಸ್‌ನ ಬಳಕೆದಾರರ ಪಟ್ಟಿ ಕೊಡುತ್ತದೆ.’ ಟೂಲ್ ಎಂದರೆ ಎಐ ಏಜೆಂಟು ಪ್ರಶ್ನೆಗೆ ಉತ್ತರ ಹುಡುಕಲು ತಾನೇ ಕರೆಯುವ ಚಿಕ್ಕ ಪ್ರೋಗ್ರಾಮು. ಈ ಟೂಲಿನ ಹೆಸರು ‘ಲಿಸ್ಟ್ ಯೂಸರ್ಸ್’. ಕೋಡ್ ಬರೆದವನು ನಾನೇ ಆಗಿದ್ದರಿಂದ ಅದರಲ್ಲಿ ಗೊಂದಲವೇನೂ ಕಾಣಲಿಲ್ಲ. ಬಳಕೆಗೆ ಬಿಟ್ಟ ಮೊದಲ ವಾರವೇ ಸಹೋದ್ಯೋಗಿಯೊಬ್ಬರು ಏಜೆಂಟನ್ನು ಕೇಳಿದರು: ‘ನಮಗೆ ಈಗ ಎಷ್ಟು ಬಳಕೆದಾರರಿದ್ದಾರೆ?’ ಏಜೆಂಟು ಒಂದಿಷ್ಟೂ ತಡವರಿಸದೆ ‘ಒಂಬತ್ತು’ ಎಂದಿತು. ಅವರು ಕೇಳಿದ್ದು ನಮ್ಮ ಆ್ಯಪ್‌ನಲ್ಲಿ ನೋಂದಾಯಿಸಿಕೊಂಡ ಗ್ರಾಹಕರನ್ನು. ಏಜೆಂಟು ಎಣಿಸಿದ್ದು ಡೇಟಾಬೇಸ್ ಸರ್ವರ್‌ಗೆ ಲಾಗಿನ್ ಆಗುವ ಖಾತೆಗಳನ್ನು.

ತಪ್ಪು ಏಜೆಂಟಿನ ಹಿಂದಿರುವ ಎಐ ಮಾದರಿಯದಲ್ಲ, ನನ್ನ ಸಾಲಿನದು. ಏಜೆಂಟಿಗೆ ಕೋಡ್ ಕಾಣುವುದಿಲ್ಲ. ಟೂಲಿನ ಹೆಸರು, ವಿವರಣೆ, ಯಾವ ಮಾಹಿತಿ ಕೊಡಬೇಕೆಂದು ತಿಳಿಸುವ ಜೇಸನ್ ಸ್ಕೀಮಾ, ಇಷ್ಟನ್ನೇ ನೋಡಿ ಅದು ನಿರ್ಧರಿಸಬೇಕು. ಕ್ಲೌಡ್ ಡೇಟಾಬೇಸ್‌ನ ಸುತ್ತ ‘ಬಳಕೆದಾರ’ ಎಂಬ ಮಾತಿಗೆ ಕನಿಷ್ಠ ಮೂರು ಅರ್ಥಗಳಿವೆ: ಆ್ಯಪ್‌ನ ಟೇಬಲ್‌ನಲ್ಲಿ ಸಾಲಾಗಿ ಕೂತಿರುವ ಗ್ರಾಹಕ, ಡೇಟಾಬೇಸ್ ಎಂಜಿನ್ನಿನೊಳಗಿನ ಖಾತೆ, ಕ್ಲೌಡ್ ಪ್ರಾಜೆಕ್ಟ್‌ನಲ್ಲಿ ಅನುಮತಿ ಪಡೆದ ಸದಸ್ಯ. ನನ್ನ ಸಾಲು ಮೂರಕ್ಕೂ ಸಮನಾಗಿ ಹೊಂದುತ್ತಿತ್ತು.

ಮೊದಲು ಹೆಸರನ್ನು ‘ಲಿಸ್ಟ್ ಡೇಟಾಬೇಸ್ ಅಕೌಂಟ್ಸ್’ ಎಂದು ಬದಲಿಸಿದೆ. ಅಷ್ಟರಿಂದಲೇ ಅರ್ಧ ಗೊಂದಲ ಕಳೆಯಿತು. ಆಮೇಲೆ ವಿವರಣೆಯನ್ನು ಹೊಸದಾಗಿ ಬರೆದೆ. ಅದರ ತಿರುಳು ಹೀಗಿದೆ (ಇನ್‌ಸ್ಟೆನ್ಸ್ ಎಂದರೆ ಕ್ಲೌಡ್‌ನಲ್ಲಿ ಓಡುತ್ತಿರುವ ಒಂದು ಡೇಟಾಬೇಸ್ ಸರ್ವರ್, ಕ್ವೆರಿ ಟೂಲ್ ಎಂದರೆ ಟೇಬಲ್‌ಗಳಲ್ಲಿರುವುದನ್ನು ಕೇಳಿ ತರುವ ಇನ್ನೊಂದು ಟೂಲ್): ‘ಒಂದು ಇನ್‌ಸ್ಟೆನ್ಸ್‌ಗೆ ಲಾಗಿನ್ ಆಗಬಲ್ಲ ಖಾತೆಗಳ ಹೆಸರು ಮತ್ತು ಬಗೆಯನ್ನು ಕೊಡುತ್ತದೆ. ಆ್ಯಪ್‌ನ ಗ್ರಾಹಕರ ಸಂಖ್ಯೆ ಅಥವಾ ವಿವರ ಬೇಕಿದ್ದರೆ ಇದನ್ನು ಬಳಸಬಾರದು, ಕ್ವೆರಿ ಟೂಲನ್ನು ಬಳಸಬೇಕು. ಕ್ಲೌಡ್ ಪ್ರಾಜೆಕ್ಟ್‌ನ ಸದಸ್ಯರು ಇದರಲ್ಲಿ ಬರುವುದಿಲ್ಲ. ಪಾಸ್‌ವರ್ಡ್, ಕೊನೆಯ ಲಾಗಿನ್ ಸಮಯ, ಟೇಬಲ್‌ಗಳ ಮೇಲಿನ ಹಕ್ಕು ಇದರಲ್ಲಿ ಸಿಗುವುದಿಲ್ಲ.’

ಏನು ಸಿಗುವುದಿಲ್ಲ ಎಂಬ ಆ ಕೊನೆಯ ವಾಕ್ಯಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಅದು ಇಲ್ಲದಿದ್ದಾಗ ‘ಆರು ತಿಂಗಳಿಂದ ಬಳಸದ ಖಾತೆಗಳು ಯಾವುವು?’ ಎಂದು ಕೇಳಿದರೆ ಏಜೆಂಟು ಪಟ್ಟಿ ತರಿಸಿಕೊಂಡು, ಹೆಸರು ನೋಡಿಯೇ ಹಳೆಯದನ್ನು ಊಹಿಸುತ್ತಿತ್ತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಎಂಜಿನ್ನು ತನ್ನ ಕೆಟಲಾಗ್‌ನಲ್ಲಿ, ಅಂದರೆ ಖಾತೆ, ಟೇಬಲ್‌ಗಳ ವಿವರವಿಡುವ ಒಳಪಟ್ಟಿಗಳಲ್ಲಿ, ಕೊನೆಯ ಲಾಗಿನ್ ಸಮಯವನ್ನು ಇಟ್ಟುಕೊಳ್ಳುವುದೇ ಇಲ್ಲ. ಆ ಉತ್ತರ ಬೇಕಿದ್ದರೆ ಲಾಗ್‌ಗಳನ್ನು, ಅಂದರೆ ಸರ್ವರ್ ಬರೆದಿಡುವ ಘಟನೆಗಳ ದಾಖಲೆಯನ್ನು, ಹುಡುಕಬೇಕು. ಈಗ ಏಜೆಂಟು ಅದನ್ನೇ ಹೇಳುತ್ತದೆ.

ಎಂಜಿನ್ನುಗಳ ವ್ಯತ್ಯಾಸವನ್ನೂ ಬರೆಯಬೇಕಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ 2005ರ 8.1 ಆವೃತ್ತಿಯಿಂದ ಬಳಕೆದಾರ, ಗುಂಪು ಎರಡೂ ‘ರೋಲ್’ ಆಗಿವೆ, ಲಾಗಿನ್ ಹಕ್ಕಿರುವ ರೋಲನ್ನೇ ನಾವು ಬಳಕೆದಾರ ಎನ್ನುತ್ತೇವೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಎಂಜಿನ್ನಿನಲ್ಲಿ ಖಾತೆಯ ಗುರುತು ಹೆಸರು ಮತ್ತು ಹೋಸ್ಟ್ (ಯಾವ ಯಂತ್ರದಿಂದ ಲಾಗಿನ್ ಆಗುವುದು ಎಂಬುದು) ಎರಡೂ ಸೇರಿದ್ದು. ಹೆಸರು ಒಂದೇ ಇದ್ದು ಹೋಸ್ಟ್ ಬೇರೆಯಾದರೆ ಅವು ಎರಡು ಖಾತೆಗಳು. ಇದನ್ನು ಹೇಳದಿದ್ದಾಗ ಏಜೆಂಟು ಅಂಥವನ್ನು ಒಂದೆಂದು ಭಾವಿಸಿ ಪಟ್ಟಿಯನ್ನು ಚಿಕ್ಕದು ಮಾಡಿಕೊಡುತ್ತಿತ್ತು.

ನಿಯತಾಂಕಗಳಲ್ಲಿ, ಅಂದರೆ ಟೂಲನ್ನು ಕರೆಯುವಾಗ ಕೊಡುವ ಮಾಹಿತಿಗಳಲ್ಲಿ, ತೊಂದರೆ ಕೊಟ್ಟದ್ದು ‘ಇನ್‌ಸ್ಟೆನ್ಸ್’ ಒಂದೇ. ನಾವು ಬಳಸುವ ಗೂಗಲ್ ಕ್ಲೌಡ್ ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸೇವೆಯಲ್ಲಿ ಸಂಪರ್ಕದ ಹೆಸರು ಪ್ರಾಜೆಕ್ಟ್, ಪ್ರದೇಶ, ಇನ್‌ಸ್ಟೆನ್ಸ್ ಎಂಬ ಮೂರು ಭಾಗಗಳ ನಡುವೆ ವಿಸರ್ಗದಂಥ ಚುಕ್ಕೆಗಳಿಟ್ಟು ಬರೆಯುವಂಥದು. ಏಜೆಂಟು ಅದನ್ನು ಇಡಿಯಾಗಿ ಕಳುಹಿಸಿ ದೋಷ ಪಡೆಯುತ್ತಿತ್ತು. ‘ಕೊನೆಯ ಭಾಗ ಮಾತ್ರ’ ಎಂದು ಬರೆದು ಒಂದು ಉದಾಹರಣೆ ಕೊಟ್ಟ ಮೇಲೆ ಆ ದೋಷ ನಿಂತಿತು.

ಖಾತೆ ಅಳಿಸುವ ಟೂಲಿನ ವಿಷಯದಲ್ಲಿ ನಾನು ವಿವರಣೆಯನ್ನು ನಂಬಲಿಲ್ಲ. ಏಜೆಂಟಿಗೆ ಟೂಲುಗಳನ್ನು ಜೋಡಿಸುವ ಎಂಸಿಪಿ ಎಂಬ ಮಾನದಂಡದಲ್ಲಿ ಟೂಲ್ ಓದಲು ಮಾತ್ರವೇ, ಹಾನಿ ಮಾಡಬಲ್ಲದೇ ಎಂದು ಗುರುತು ಹಾಕಬಹುದು. ಆದರೆ ಅವು ಸೂಚನೆಗಳಷ್ಟೇ, ಯಾವುದನ್ನೂ ತಡೆಯುವುದಿಲ್ಲ. ಆದ್ದರಿಂದ ಏಜೆಂಟಿನ ಸರ್ವಿಸ್ ಅಕೌಂಟ್‌ಗೆ (ಅದು ಕ್ಲೌಡ್‌ನಲ್ಲಿ ಬಳಸುವ ಖಾತೆಗೆ) ಓದುವ ಅನುಮತಿಯನ್ನಷ್ಟೇ ಕೊಟ್ಟು, ಅಳಿಸುವ ಟೂಲನ್ನು ಮನುಷ್ಯರ ಒಪ್ಪಿಗೆಯ ಹಿಂದೆ ಇಟ್ಟೆ. ಕಾವ್ಯದಂಥ ಎಚ್ಚರಿಕೆಯ ವಾಕ್ಯಗಳು ಅನುಮತಿಯ ಜಾಗದಲ್ಲಿ ನಿಲ್ಲಲಾರವು.

ಪರೀಕ್ಷೆಗೆ ನಲವತ್ತು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಅರ್ಧದಷ್ಟು ಪ್ರಶ್ನೆಗಳಿಗೆ ಈ ಟೂಲನ್ನು ಕರೆಯಲೇಬಾರದು. ವಿವರಣೆಯಲ್ಲಿ ಒಂದು ಪದ ಬದಲಾದರೂ ಎಲ್ಲವನ್ನೂ ಮತ್ತೆ ಓಡಿಸುತ್ತೇನೆ. ಒಮ್ಮೆ ಎಲ್ಲ ಅಪವಾದಗಳನ್ನೂ ಸೇರಿಸಿ ವಿವರಣೆಯನ್ನು ಒಂದು ಪುಟಕ್ಕೆ ಬೆಳೆಸಿದ್ದೆ. ಪ್ರತಿ ಸಂಭಾಷಣೆಯಲ್ಲೂ ಅಷ್ಟೂ ಟೋಕನ್ (ಮಾದರಿ ಓದುವ ಪಠ್ಯದ ತುಣುಕುಗಳು) ಹೋಗುತ್ತಿದ್ದವು, ಆಯ್ಕೆ ಮಾತ್ರ ಉತ್ತಮವಾಗಲಿಲ್ಲ. ಅಪರೂಪದ ಸಂಗತಿಗಳನ್ನು ದೋಷಸಂದೇಶಗಳಿಗೆ ಸಾಗಿಸಿದೆ, ಏಕೆಂದರೆ ಅವು ಬೇಕಾಗುವುದು ಆ ದೋಷ ಬಂದಾಗ ಮಾತ್ರ.

ಬಹಳ ದಿನ ಸೋಲುತ್ತಿದ್ದ ಪ್ರಶ್ನೆ ಒಂದಿತ್ತು: ‘ಕೆಲಸ ಬಿಟ್ಟುಹೋದ ಈ ವ್ಯಕ್ತಿಗೆ ಡೇಟಾಬೇಸ್ ಇನ್ನೂ ತೆರೆದಿದೆಯೇ?’ ಪಟ್ಟಿಯಲ್ಲಿ ಇಮೇಲ್ ವಿಳಾಸ ಸಿಗದಿದ್ದರೆ ಏಜೆಂಟು ‘ಇಲ್ಲ’ ಎಂದುಬಿಡುತ್ತಿತ್ತು. ಕ್ಲೌಡ್ ಎಸ್‌ಕ್ಯೂಎಲ್‌ನ ಮೈಎಸ್‌ಕ್ಯೂಎಲ್‌ನಲ್ಲಿ ಐಎಎಂ (ಗೂಗಲ್ ಕ್ಲೌಡ್‌ನ ಗುರುತು ಮತ್ತು ಅನುಮತಿಯ ವ್ಯವಸ್ಥೆ) ಖಾತೆಯ ಹೆಸರು ಇಮೇಲ್‌ನ ಡೊಮೇನ್ ಭಾಗ ಬಿಟ್ಟು ದಾಖಲಾಗುತ್ತದೆ. ಇನ್ನು ಗುಂಪಿಗೆ ಪ್ರವೇಶ ಕೊಟ್ಟಿದ್ದರೆ, ಸದಸ್ಯನ ಖಾತೆ ಮೊದಲ ಲಾಗಿನ್‌ನಲ್ಲಿ ತಾನಾಗಿ ಹುಟ್ಟುತ್ತದೆ, ಅಲ್ಲಿಯವರೆಗೆ ಪಟ್ಟಿಯಲ್ಲಿ ಆ ಹೆಸರೇ ಇರುವುದಿಲ್ಲ. ಸುರಕ್ಷತೆಯ ಪ್ರಶ್ನೆಗೆ ಹೀಗೆ ಸುಳ್ಳು ‘ಇಲ್ಲ’ ಬರುವುದು ನನ್ನ ನಿದ್ದೆ ಕೆಡಿಸಿತ್ತು. ಕೊನೆಗೆ ಸೇರಿಸಿದ್ದು ಎರಡು ವಾಕ್ಯ: ‘ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಪ್ರವೇಶವಿಲ್ಲ ಎಂದು ಅರ್ಥವಲ್ಲ. ಗುಂಪು ಬಗೆಯ ಖಾತೆ ಕಂಡರೆ ಅದರ ಸದಸ್ಯರನ್ನು ಬೇರೆಯಾಗಿ ಪರಿಶೀಲಿಸಬೇಕೆಂದು ತಿಳಿಸಬೇಕು.’ ಈಗ ಏಜೆಂಟು ಗುಂಪಿನ ಹೆಸರನ್ನು ಎತ್ತಿ ತೋರಿಸಿ, ‘ಇದರ ಸದಸ್ಯತ್ವ ನನಗೆ ಕಾಣುವುದಿಲ್ಲ, ದಯವಿಟ್ಟು ನೋಡಿ’ ಎನ್ನುತ್ತದೆ.